ಇನ್‌ಸ್ಪೆಕ್ಟರು ತೂಕ ಇಳಿಸಿದ್ದು

ಇನ್ನು ಮೇಲೆ ನನ್ನ ದೇಹ ನನ್ನಿಂದ ಏನನ್ನೂ ಮುಚ್ಚಿಡಲಾರದು ಎಂದು ನಾನು ಘೋಷಿಸಿದ್ದು ಒಂದು ಸೋಮವಾರ ಬೆಳಿಗ್ಗೆ, ಬಚ್ಚಲುಮನೆಯ ಬಾಗಿಲಲ್ಲಿ, ಟವೆಲು ಸುತ್ತಿಕೊಂಡು. ಕೇಳಿಸಿಕೊಂಡವಳು ನನ್ನ ಹೆಂಡತಿ ಒಬ್ಬಳೇ. ಅವಳೂ ಪೂರ್ತಿ ಕೇಳಿಸಿಕೊಂಡಂತೆ ಕಾಣಲಿಲ್ಲ. ಹೊಲಿಗೆ ಯಂತ್ರ ಓಡುತ್ತಿತ್ತು.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಪೇಟೆಯ ತಕ್ಕಡಿಗಳೆಲ್ಲ ನನ್ನ ಬೂಟಿನ ಸದ್ದಿಗೇ ನಡುಗುತ್ತವೆ! ಅಂಗಡಿಗೆ ಕಾಲಿಟ್ಟ ಕೂಡಲೇ ಕುಶಲ ಕೇಳುವವನಲ್ಲ ನಾನು, "ಸೊನ್ನೆ ತೋರಿಸಿ" ಎನ್ನುವವನು. ತಟ್ಟೆ ಖಾಲಿ ಇರುವಾಗ ಮುಳ್ಳು ಸೊನ್ನೆಯ ಮೇಲೇ ನಿಲ್ಲಬೇಕು. ಕೂದಲೆಳೆಯಷ್ಟು ಹಿಂದೆ ಮುಂದೆ ಆದರೂ ಯಂತ್ರ ಜಪ್ತಿ, ಅಂಗಡಿಯವನಿಗೆ ನೋಟೀಸು. ಅದಕ್ಕೇ ವ್ಯಾಪಾರಿಗಳು ನನಗೆ 'ಸೊನ್ನೆ ಸಾಹೇಬ' ಎಂಬ ಬಿರುದು ಕೊಟ್ಟಿದ್ದಾರೆ. ಬೆನ್ನ ಹಿಂದೆ ಕೊಟ್ಟದ್ದು ನಿಜ, ಆದರೂ ಬಿರುದು ಬಿರುದೇ.

ಇಂಥ ನಾನು ಆ ಸೋಮವಾರದ ಹಿಂದಿನ ದಿನ ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದಾಗ ಒಂದು ಪತ್ರಿಕೆಯಲ್ಲಿ ವೈದ್ಯರೊಬ್ಬರ ಲೇಖನ ಕಣ್ಣಿಗೆ ಬಿತ್ತು: ದಿನಾ ತೂಕ ನೋಡಿಕೊಳ್ಳಿ, ನಿಮ್ಮ ದೇಹವನ್ನು ಅರ್ಥ ಮಾಡಿಕೊಳ್ಳಿ. ಮೊದಲ ಪ್ಯಾರಾ ಮುಗಿಯುವಷ್ಟರಲ್ಲಿ ನನ್ನ ತಲೆಯ ಸರದಿ ಬಂತು. ಅಷ್ಟೇ ಸಾಕಾಯಿತು! ಊರಿನ ತೂಕವನ್ನೆಲ್ಲ ತಿದ್ದುವವನಿಗೆ ಸ್ವಂತ ತೂಕ ಗೊತ್ತಿಲ್ಲವೆಂದರೆ ಇಲಾಖೆಗೇ ಅವಮಾನವಲ್ಲವೇ? ಪತ್ರಿಕೆಯನ್ನು ಕೇಳಿ ಇಸಿದುಕೊಂಡು, ಅದೇ ದಾರಿಯಲ್ಲಿ ಒಂದು ತೂಕದ ಯಂತ್ರವನ್ನೂ ಕೊಂಡು ಮನೆಗೆ ಬಂದೆ. ಮೇಲೆ ಹತ್ತಿ ನಿಲ್ಲುವಂಥದು. ಪಾದಗಳ ಮುಂದೆ ದುಂಡನೆಯ ಗಾಜು, ಗಾಜಿನೊಳಗೆ ಕೆಂಪು ಮುಳ್ಳು.

"ದಿನಾ ಬೆಳಿಗ್ಗೆ ಹತ್ತೋದು, ನೋಡೋದು, ತಿದ್ದಿಕೊಳ್ಳೋದು! ಮೂರು ತಿಂಗಳಲ್ಲಿ ನೋಡ್ತಿರು, ನನ್ನ ಗುರುತೇ ಸಿಗಲ್ಲ ನಿಂಗೆ!"

"ಈಗ್ಲೇ ಸಿಗ್ತಿಲ್ಲ," ಅಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತಾ. "ನಿನ್ನೆ ತನಕ ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ."

ಮೊದಲ ದಿನ ಮುಳ್ಳು ಎಂಬತ್ತರಲ್ಲಿ ನಿಂತಿತು. ನಾನು ಗಂಭೀರವಾಗಿ ತಲೆಯಾಡಿಸಿದೆ. ಅಪರಾಧಿ ಸಿಕ್ಕಿಬಿದ್ದಿದ್ದಾನೆ, ಇನ್ನು ಶಿಕ್ಷೆಯೊಂದೇ ಬಾಕಿ! ಆ ದಿನ ಆಫೀಸಿನಲ್ಲಿ ಎಲ್ಲರಿಗೂ ನನ್ನ ವ್ರತದ ವಿಷಯ ಸಾರಿದೆ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ, ರಾತ್ರಿ ಅರ್ಧ ಊಟಕ್ಕೇ ಎದ್ದೆ. ಮರುದಿನ ಬೆಳಿಗ್ಗೆ ಮುಳ್ಳು ಎಂಬತ್ತೊಂದು ತೋರಿಸಿತು!

"ಇದು ಅನ್ಯಾಯ!" ಎಂದು ಕೂಗಿದೆ.

ಹೆಂಡತಿ ಪತ್ರಿಕೆ ಹಿಡಿದುಕೊಂಡು ಬಂದಳು. ನಾನು ಓದದೆ ಬಿಟ್ಟ ಪ್ಯಾರಾಗಳನ್ನೆಲ್ಲ ಅವಳು ಓದಿ ಮುಗಿಸಿದ್ದಳು. "ನೋಡ್ರಿ, ಇಲ್ಲೇ ಬರ್ದಿದ್ದಾರೆ. ಉಪ್ಪು ಜಾಸ್ತಿ ತಿಂದ್ರೆ ಮೈಯಲ್ಲಿ ನೀರು ನಿಲ್ಲುತ್ತಂತೆ, ನಿದ್ದೆ ಕೆಟ್ರೂ ತೂಕ ಏರುಪೇರಾಗುತ್ತಂತೆ. ಒಂದಿನದ ಲೆಕ್ಕಕ್ಕೆ ಹೆದರ್ಬೇಡಿ, ವಾರಗಟ್ಲೆ ನೋಡ್ತಾ ಹೋದ್ರೆ ಮೈ ಏನು ಹೇಳ್ತಿದೆ ಅಂತ ತಾನಾಗೇ ಗೊತ್ತಾಗುತ್ತೆ ಅಂತಾರೆ ಡಾಕ್ಟ್ರು."

"ವಾರಗಟ್ಲೆ ಕಾಯೋಕೆ ನಾನೇನು ಗಿರಾಕೀನಾ? ನಾನು ಇನ್‌ಸ್ಪೆಕ್ಟರು ಕಣೇ! ನಮ್ಮ ಕಾನೂನಲ್ಲಿ ಉಪ್ಪಿಗೆ ರಿಯಾಯಿತಿ ಇಲ್ಲ!"

ತಪ್ಪು ನನ್ನಲ್ಲಿರಲು ಸಾಧ್ಯವಿಲ್ಲ ಎಂದಾದ ಮೇಲೆ ತನಿಖೆ ನೆಲದ ಕಡೆಗೆ ತಿರುಗಿತು. ರಸಮಟ್ಟ ಇಟ್ಟು ನೋಡಿದೆ. ಗಾಜಿನೊಳಗಿನ ಗುಳ್ಳೆ ಒಂದು ಬದಿಗೆ ಓಡಿತು. ಸಿಕ್ಕಿತಲ್ಲ! ಬಚ್ಚಲಿನ ನೆಲ ನೀರು ಹರಿಯುವ ತೂಬಿನ ಕಡೆಗೆ ಇಳಿಜಾರಾಗಿತ್ತು. ಇಡೀ ಮನೆಯಲ್ಲಿ ರಸಮಟ್ಟ ಹಿಡಿದು ತೆವಳಿದೆ. ಗುಳ್ಳೆ ನಟ್ಟನಡುವೆ ನಿಂತದ್ದು ಒಂದೇ ಕಡೆ, ಮುಂದಿನ ಕೋಣೆಯಲ್ಲಿ, ನಿಲುವುಗನ್ನಡಿಯ ಪಕ್ಕದಲ್ಲಿ.

ಮುಂದಿನ ಕೋಣೆ ಎಂದರೆ ನನ್ನ ಹೆಂಡತಿಯ ಹೊಲಿಗೆಯಂಗಡಿ. ಎರಡು ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಪರದೆ ಎಳೆದ ಟ್ರಯಲ್ ರೂಮು. ಬಡಾವಣೆಯ ಹೆಂಗಸರ ಉಡುಪೆಲ್ಲ ಈ ಮೇಜಿನ ಮೇಲೆಯೇ ರೂಪ ಪಡೆಯುವುದು.

"ಇದು ನನ್ನ ಅಂಗಡಿ ರೀ. ನಿಮ್ಮ ಗರಡಿಮನೆ ಅಲ್ಲ."

"ಗಿರಾಕಿಗಳು ಬರೋದ್ರೊಳಗೆ ಮುಗಿಸ್ಬಿಡ್ತೀನಿ. ಒಂದು ನಿಮಿಷದ ಕೆಲಸ."

ಸಮತಟ್ಟಾದ ನೆಲದ ಮೇಲೆ ಹತ್ತಿ ನಿಂತೆ. ಮುಳ್ಳು ಇನ್ನೂ ಅರ್ಧ ಕೆಜಿ ಮೇಲೇರಿತು!

ಈಗ ನಾಚಿಕೆ ಬಿಟ್ಟು ಹೇಳುತ್ತೇನೆ, ಕೇಳಿ. ಇಂಥ ಯಂತ್ರದ ಹಿಂಬದಿಯಲ್ಲಿ ಬಟಾಣಿಯಷ್ಟು ದೊಡ್ಡ ಒಂದು ಹಲ್ಲಿನ ಚಕ್ರ ಇರುತ್ತದೆ. ಮುಳ್ಳನ್ನು ಸೊನ್ನೆಗೆ ತರುವುದಕ್ಕೆ. ಪೇಟೆಯಲ್ಲಿ ಈ ಚಕ್ರದ ಮೇಲೆ ಯಾರದಾದರೂ ಬೆರಳಿನ ಗುರುತು ಕಂಡರೆ ನಾನು ಹುಲಿಯಾಗುತ್ತೇನೆ. ಆ ಬೆಳಿಗ್ಗೆ ನನ್ನ ಬೆರಳೇ ಅದರ ಮೇಲಿತ್ತು. ಟವೆಲಿಗೂ ತೂಕ ಇರುತ್ತದಲ್ಲವೇ? ಅದನ್ನು ನನ್ನ ಲೆಕ್ಕಕ್ಕೆ ಸೇರಿಸುವುದು ಯಾವ ನ್ಯಾಯ? ಚಕ್ರ ಒಂದು ಚೂರು ತಿರುಗಿತು. ಮರುದಿನ ಕನ್ನಡಕ ನೆನಪಾಯಿತು. ಅದರ ಮರುದಿನ, ಎದ್ದ ಕೂಡಲೇ ಕುಡಿದ ಒಂದು ಚೊಂಬು ನೀರು. ಆಮೇಲೆ ತಲೆಯಲ್ಲಿ ತುಂಬಿಕೊಂಡ ಇಲಾಖೆಯ ಚಿಂತೆಗಳು. ಅವುಗಳ ಭಾರ ಕಡಿಮೆಯೇ?

ತೂಕ ಸರಸರನೆ ಇಳಿಯಿತು! ಖಾಲಿ ಇರುವಾಗ ಮುಳ್ಳು ಸೊನ್ನೆಗಿಂತ ನಾಲ್ಕು ಗೆರೆ ಹಿಂದೆ ಹೋಗಿ ಕೂತಿರುತ್ತಿತ್ತು ನಿಜ. ಆದರೆ ಖಾಲಿ ಯಂತ್ರವನ್ನು ಬಗ್ಗಿ ನೋಡುವ ಕೆಟ್ಟ ಅಭ್ಯಾಸ ಇರುವುದು ನನ್ನಂಥ ಇನ್‌ಸ್ಪೆಕ್ಟರಿಗೆ ಮಾತ್ರ, ನಾನು ನೋಡಲು ಹೋಗಲಿಲ್ಲ. ಧೂಳು ಕೂರಬಾರದೆಂದು ಮೇಲೊಂದು ಬಟ್ಟೆಯನ್ನೂ ಹೊದಿಸಿದೆ. ಆಫೀಸಿನಲ್ಲಿ ಎದೆಯುಬ್ಬಿಸಿ, "ಎಲ್ಲಾ ಮನೋಬಲ ಕಣ್ರೀ!" ಎಂದು ಉಪದೇಶ ಮಾಡಿದೆ. ತೂಕ ಇಳಿದ ಸಂತೋಷಕ್ಕೆ ಮನೆಯಲ್ಲಿ ಎರಡೆರಡು ಸಲ ಬಡಿಸಿಕೊಂಡೆ. ಪ್ಯಾಂಟಿನ ಗುಂಡಿ ಹಾಕುವಾಗ ಮಾತ್ರ ಸ್ವಲ್ಪ ಉಸಿರು ಕಟ್ಟುತ್ತಿತ್ತು. ಒಗೆದ ಬಟ್ಟೆ ಕುಗ್ಗುವುದು ಲೋಕಕ್ಕೇ ಗೊತ್ತಿರುವ ವಿಷಯ.

ಇಲ್ಲಿಗೇ ನಿಂತಿದ್ದರೆ ಪಾಪ ನನ್ನೊಬ್ಬನದೇ ಆಗಿರುತ್ತಿತ್ತು. ನಿಲ್ಲಲಿಲ್ಲ.

ಒಂದು ದಿನ ಮೇಲಿನ ಮಹಡಿಯ ಹೆಡ್ ಮೇಡಂ ಬಂದರು. ಎದುರು ಬೀದಿಯ ಶಾಲೆಯ ಮುಖ್ಯೋಪಾಧ್ಯಾಯಿನಿ. ದನಿ ಎತ್ತಿದರೆ ಶಾಲೆಯ ಮಕ್ಕಳಿರಲಿ, ಬೀದಿಯ ನಾಯಿಗಳೂ ಸಾಲಾಗಿ ನಿಲ್ಲುತ್ತವೆ. ಶಾಲೆಯ ಕ್ರೀಡಾಕೂಟಕ್ಕೆಂದು ಹೊಸ ಕೋಟಿಗೆ ಅಳತೆ ಕೊಡಲು ಬಂದವರು ಯಂತ್ರದ ಮೇಲಿನ ಬಟ್ಟೆ ಸರಿಸಿ ಸುಮ್ಮನೆ ಹತ್ತಿದರು. ಒಳಗೆ ಶೇವಿಂಗ್ ಮಾಡಿಕೊಳ್ಳುತ್ತಿದ್ದ ನನಗೆ ಅವರ ಕೂಗು ಕೇಳಿ ಗಲ್ಲ ಕೊಯ್ದುಹೋಯಿತು.

"ಅಯ್ಯೋ ದೇವರೇ! ನಾಲ್ಕು ಕೆಜಿ ಇಳಿದಿದ್ದೀನಿ! ಇದು ಸರಿಯಾಗಿದೆ ತಾನೇ?"

"ಏನ್ ಮೇಡಂ ಹೀಗಂತೀರಿ," ಅಂದಳು ನನ್ನ ಹೆಂಡತಿ, ಹೆಮ್ಮೆಯಿಂದ. "ಇದು ಸೊನ್ನೆ ಸಾಹೇಬರ ಮನೆ. ಸುಳ್ಳು ಯಂತ್ರಕ್ಕೆ ಈ ಹೊಸಿಲು ದಾಟೋ ಧೈರ್ಯ ಇದೆಯಾ?"

ಆಗಲೇ ಓಡಿಹೋಗಿ ಹೇಳಬೇಕಿತ್ತು. ಮುಖದ ತುಂಬ ಸಾಬೂನು ಇತ್ತು, ಹೋಗಲಿಲ್ಲ.

ಸುದ್ದಿ ಮೆಟ್ಟಿಲಿಳಿದು ಬೀದಿ ಸೇರಿತು. ಬ್ಯಾಂಕಿನ ಕ್ಯಾಷಿಯರಮ್ಮ ಬಂದಳು, ಇಳಿದಿದ್ದಳು. ಆಸ್ಪತ್ರೆಯ ನರ್ಸು ಬಂದಳು, ಅವಳೂ ಇಳಿದಿದ್ದಳು. ನಮ್ಮ ಯಂತ್ರದ ಮೇಲೆ ಕಾಲಿಟ್ಟವರಲ್ಲಿ ಇಳಿಯದೆ ಇಳಿದವರು ಒಬ್ಬರೂ ಇಲ್ಲ! ಹತ್ತಿದವರೆಲ್ಲ ಕನ್ನಡಿಯಲ್ಲಿ ಒಮ್ಮೆ ಪಕ್ಕಕ್ಕೆ ತಿರುಗಿ ನೋಡಿಕೊಂಡು ಹೇಳುವ ಮಾತು ಒಂದೇ: "ನನ್ನ ಡ್ರೆಸ್ಸು ಸ್ವಲ್ಪ ಬಿಗಿ ಮಾಡಿಕೊಡಮ್ಮ." ಬಿಗಿ ಮಾಡಬೇಕಾದ ಬಟ್ಟೆಗಳು ಮೇಜಿನ ಮೇಲೆ ಗುಡ್ಡ ಬಿದ್ದವು.

ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಟೇಪು ಹಿಡಿದು ಕೂತಿದ್ದಳು. ಅವಳ ಅಕ್ಕ ಹೊಲಿಗೆ ಕಲಿಸಿದಾಗ ಕೊಟ್ಟ ಟೇಪು. ಅಂಚು ನಯವಾಗಿ, ಬಣ್ಣ ಮಾಸಿ, ಅವಳ ಕುತ್ತಿಗೆಯ ಆಕಾರವನ್ನೇ ಪಡೆದದ್ದು.

"ರೀ, ಒಂದು ಮಾತು. ಎಲ್ರಿಗೂ ತೂಕ ಇಳಿದಿದೆ. ಆದ್ರೆ ನನ್ನ ಟೇಪಲ್ಲಿ ಒಬ್ಬರ ಸೊಂಟಾನೂ ಇಳಿದಿಲ್ಲ. ಹೆಡ್ ಮೇಡಮ್ಮಂದು ಹೋದ ವರ್ಷದ ಅಳತೆ ಹಾಗೇ ಇದೆ. ಟೇಪು ಹಿಗ್ಗಿದೆಯಾ ಏನು? ನೀವು ಅಳತೆ ಬಲ್ಲವರು, ನೀವೇ ಹೇಳಿ."

ಒಂದೇ ಮಾತು ಹೇಳಿದ್ದರೆ ಸಾಕಿತ್ತು: ಚಕ್ರ ತಿರುಗಿಸಿದ್ದೇನೆ ಕಣೇ! ಆದರೆ ಅಂಗಡಿಯವರನ್ನು ನಡುಗಿಸುವ ಬಾಯಿ ಹೆಂಡತಿಯ ಮುಂದೆ ಅಷ್ಟು ಸುಲಭವಾಗಿ ತೆರೆದುಕೊಳ್ಳುತ್ತದೆಯೇ? ಟೇಪನ್ನು ಇಸಿದುಕೊಂಡು, ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ ನುಡಿದೆ. "ಬಟ್ಟೆಯ ಟೇಪು ಹಿಗ್ಗುವುದು ಸಹಜ. ಹಳೆಯದಾಯ್ತು. ಬಿಸಾಕು."

ಅವಳು ಟೇಪನ್ನು ಸುರುಳಿ ಸುತ್ತಿ ಡ್ರಾಯರಿನ ಮೂಲೆಗೆ ತಳ್ಳಿದಳು. ಮರುದಿನ ಹೊಸ ಟೇಪು ತಂದಳು. ಅದೂ ಹಳೆಯದರ ಮಾತನ್ನೇ ಹೇಳಿತು.

"ಇದೂ ಹಾಗೇ ಹೇಳ್ತಿದೆಯಲ್ರೀ!"

"ಎಲ್ಲ ಒಂದೇ ಕಾರ್ಖಾನೆ ಮಾಲು. ಎರಡಿಂಚು ಕಳೆದು ಹೊಲಿ."

"ಕೈಗೆ ಮನಸ್ಸೇ ಬರ್ತಿಲ್ಲ," ಅಂದಳು. ಆದರೂ ನನ್ನ ಮಾತು ನಂಬಿದಳು. ನನ್ನ ಮಾತು ನಂಬಿ ಅವಳು ತನ್ನ ಕೈಯನ್ನೇ ಅನುಮಾನಿಸಿದ್ದು ನೋಡಿ ನನಗೆ ಸಂಕಟವಾಯಿತು. ಆ ಸಂಕಟದಲ್ಲೇ ಊಟಕ್ಕೆ ಕೂತೆ, ಎಂದಿನಂತೆ ಎರಡು ಸಲ ಬಡಿಸಿಕೊಂಡೆ.

ಕ್ರೀಡಾಕೂಟದ ದಿನ ಬಂತು. ಅದನ್ನು ಕಣ್ಣಾರೆ ಕಂಡ ನರ್ಸು ಹೇಳಿದ್ದು ಇಷ್ಟು: ಮೈದಾನದ ತುಂಬ ಜನ. ಓಟಕ್ಕೆ ಮಕ್ಕಳು ಗೆರೆಯ ಮೇಲೆ ಬಗ್ಗಿ ನಿಂತಿದ್ದಾರೆ. ಹೆಡ್ ಮೇಡಂ ಹೊಸ ಕೋಟಿನಲ್ಲಿ, ಶಿಳ್ಳೆ ಬಾಯಲ್ಲಿಟ್ಟುಕೊಂಡು, ಬಾವುಟ ಹಿಡಿದ ಕೈಯನ್ನು ಗಂಭೀರವಾಗಿ ಮೇಲೆತ್ತಿದರು. ಶಿಳ್ಳೆ ಊದುವ ಮೊದಲೇ 'ಟರ್‌ರ್‌ರ್' ಎಂದು ಇಡೀ ಮೈದಾನಕ್ಕೆ ಕೇಳಿಸಿತು. ಕಂಕುಳಿಂದ ಸೊಂಟದವರೆಗೆ! ಅದೇ ಸೂಚನೆ ಎಂದುಕೊಂಡು ಮಕ್ಕಳು ಓಡಿಬಿಟ್ಟವು. ಒಬ್ಬ ಹುಡುಗಿ ಗೆದ್ದೂ ಬಿಟ್ಟಳು. ಬಹುಮಾನ ಕೊಡುವಾಗ ಹೆಡ್ ಮೇಡಂ ಮೊಣಕೈಯನ್ನು ಮೈಗೆ ಅಂಟಿಸಿಕೊಂಡೇ ಕೈ ಕುಲುಕಿದರಂತೆ.

ಸಂಜೆಗೇ ಕ್ಯಾಷಿಯರಮ್ಮ, ಅವಳ ಹಿಂದೆ ಇನ್ನೂ ಕೆಲವರು ಉಸಿರು ಕಟ್ಟಿಸುವ ಡ್ರೆಸ್ಸುಗಳನ್ನು ಹೊತ್ತು ತಂದು ಮೇಜಿನ ಮೇಲೆ ಎಸೆದು ಹೋದರು. ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಹಾಗೆಯೇ ವಾಪಸು ಕೇಳಿದರು. ಹೆಂಡತಿ ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿ ಕೂತಳು. "ಇಷ್ಟು ವರ್ಷದಲ್ಲಿ ಒಂದು ಹೊಲಿಗೆ ಬಿಟ್ಟಿಲ್ಲ ನಾನು," ಅಂದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಅಳಲಿಲ್ಲ.

ಮರುದಿನ ಆಫೀಸಿಗೆ ಹೋದರೆ ನಮ್ಮ ಮೇಲಧಿಕಾರಿ ಸಾಹೇಬರ ಮೇಜಿನ ಮೇಲೆ ಹೆಡ್ ಮೇಡಂ ಅವರ ದುಂಡು ಅಕ್ಷರದ ದೂರು ಕೂತಿತ್ತು. ಹೊಲಿಗೆಯಂಗಡಿಯಲ್ಲಿ ಬಳಸುವ ಟೇಪು ಸುಳ್ಳು, ಕ್ರಮ ಕೈಗೊಳ್ಳಬೇಕು.

"ಟೇಪೂ ನಮ್ಮ ಇಲಾಖೆಗೇ ಸೇರಿದ್ದು," ಅಂದರು ಸಾಹೇಬರು. "ಸುಳ್ಳು ಅಂತ ಆದ್ರೆ ಅಂಗಡಿಗೆ ಬೀಗ. ನಡೀರಿ."

"ಸಾರ್... ಅದು ನನ್ನ ಹೆಂಡತಿ ಅಂಗಡಿ."

"ಒಳ್ಳೇದಾಯ್ತು, ವಿಳಾಸ ಹುಡುಕೋದು ತಪ್ತು. ನಾನೂ ಬರ್ತೀನಿ, ಸಾಕ್ಷಿಗೆ. ತಪ್ಪು ಮಾಡಿದ್ರೆ ಹೆಂಡತಿನೂ ಬಿಡಲ್ಲ ಅಂತ ಆಫೀಸಲ್ಲಿ ನೀವೇ ಭಾಷಣ ಬಿಗಿದಿದ್ರಲ್ಲ?"

ಜೀಪು ನನ್ನ ಮನೆ ಮುಂದೆ ನಿಂತಿತು. ನನ್ನ ಮನೆಗೆ ನಾನೇ ಬಾಗಿಲು ಬಡಿದು, ನಾನೇ ಇಲಾಖೆಯ ಪೆಟ್ಟಿಗೆ ಇಳಿಸಿದೆ. ಅದರಲ್ಲಿ ಉಕ್ಕಿನ ಮೀಟರ್ ಕೋಲು, ಹತ್ತು ಹತ್ತು ಕೆಜಿಯ ಎರಡು ತೂಕದ ಬಟ್ಟು. ಒಳಗೆ ಹೆಡ್ ಮೇಡಂ, ಕ್ಯಾಷಿಯರಮ್ಮ, ನರ್ಸು, ಎಲ್ಲರೂ ಸಾಲಾಗಿ ನಿಂತಿದ್ದರು. ಹೆಂಡತಿ ಹೊಸ ಟೇಪು, ಹಳೆಯ ಟೇಪು ಎರಡನ್ನೂ ಮೇಜಿನ ಮೇಲೆ ಹಾಸಿ, "ನೋಡಿ ಇನ್‌ಸ್ಪೆಕ್ಟರೇ," ಅಂದಳು. ಮದುವೆಯಾದ ಮೇಲೆ ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಕೋಲಿನ ಪಕ್ಕ ಟೇಪು ಇಟ್ಟೆ. ಒಂದು ಚೂರು ಎಳೆದು ಹಿಡಿದರೆ ಸಾಕು, ಟೇಪು ಸುಳ್ಳಾಗುತ್ತದೆ, ನನ್ನ ಬಿರುದು ಉಳಿಯುತ್ತದೆ. ಬೆರಳು ಎಳೆಯಲು ಹೊರಟದ್ದೂ ನಿಜ! ಅಷ್ಟರಲ್ಲಿ ಹೆಂಡತಿಯ ಮುಖ ನೋಡಿದೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಅವಳು ಟೇಪನ್ನೇ ನೋಡುತ್ತಿದ್ದಳು. ಬೆರಳು ತಾನಾಗಿ ಸಡಿಲವಾಯಿತು.

"ಸರಿಯಾಗಿದೆ," ಅಂದೆ. "ಹಳೆಯದೂ ಸರಿಯಾಗಿದೆ. ಗೆರೆಗೆ ಗೆರೆ."

"ಹೆಂಡತಿ ಅಂತ ಬಿಡ್ತಿದ್ದೀರಿ!" ಹೆಡ್ ಮೇಡಂ ಗುಡುಗಿದರು. "ಟೇಪು ಸರಿ ಇದ್ರೆ ನನ್ನ ಕೋಟು ಯಾಕೆ ಹರೀತು?"

"ತೂಕದ ಯಂತ್ರ ಸುಳ್ಳು ಮೇಡಂ. ಅದರ ಚಕ್ರ ತಿರುಗಿಸಿದ್ದು ನಾನು. ನಿಮ್ಮ ತೂಕ ಇಳಿದಿಲ್ಲ. ಯಾರದ್ದೂ ಇಳಿದಿಲ್ಲ."

ಜೀವಮಾನದಲ್ಲೇ ಅತ್ಯಂತ ಕಷ್ಟದ ಸತ್ಯ ಹೇಳಿ ತಲೆ ತಗ್ಗಿಸಿ ನಿಂತೆ. ನರ್ಸು ಕಣ್ಣೊರೆಸಿಕೊಳ್ಳುತ್ತಾ, "ಪಾಪ, ಹೆಂಡತಿಗೋಸ್ಕರ ಎಂಥಾ ಸುಳ್ಳು!" ಅಂದಳು.

"ಸೊನ್ನೆ ಸಾಹೇಬರು ಚಕ್ರ ತಿರುಗಿಸೋದಾ? ನಂಬೋ ಮಾತಾ ಇದು?" ಅಂದಳು ಕ್ಯಾಷಿಯರಮ್ಮ.

ಸಾಹೇಬರು ನನ್ನ ಬೆನ್ನು ತಟ್ಟಿ, "ಪ್ರೀತಿ ಇರ್ಬೇಕು ಕಣ್ರೀ, ಆದ್ರೆ ಡ್ಯೂಟಿ ಟೈಮಲ್ಲಿ ಬೇಡ," ಎನ್ನುತ್ತಾ ಯಂತ್ರ ಹತ್ತಿದರು. ಹತ್ತಿದವರು ಹಾಗೇ ಅರಳಿದರು. "ಅರೆರೆ! ನಾಲ್ಕು ಕೆಜಿ ಕಡಿಮೆ! ಡಾಕ್ಟ್ರು ಸುಮ್ಮನೆ ಬೈತಿದ್ದ ನನ್ನ!"

ನನ್ನ ನಿಷ್ಠೆಯ ಹೆಸರೇ ನನ್ನ ಕುತ್ತಿಗೆಗೆ ಬಂದಿತ್ತು. ಇಂಗು ತಿಂದ ಮಂಗನ ಹಾಗೆ ಎಲ್ಲರ ಮುಖ ನೋಡಿದೆ. ಯಾರೂ ನಂಬಲು ತಯಾರಿರಲಿಲ್ಲ. ನಂಬಿದವಳು ಒಬ್ಬಳೇ, ಅವಳ ಕಣ್ಣು ನೋಡಿದ ಕೂಡಲೇ ಗೊತ್ತಾಯಿತು. ಹೆಂಡತಿ ಇಲಾಖೆಯ ಪೆಟ್ಟಿಗೆಯ ಬಳಿ ಹೋದಳು. ಎರಡೂ ಕೈಯಲ್ಲಿ ಒಂದೊಂದು ಬಟ್ಟು ಎತ್ತಿಕೊಂಡಳು. "ಸಾರ್, ಸ್ವಲ್ಪ ಇಳೀತೀರಾ?" ಎಂದು ಸಾಹೇಬರನ್ನು ಇಳಿಸಿ ಎರಡನ್ನೂ ಯಂತ್ರದ ಮೇಲಿಟ್ಟಳು.

ಇಪ್ಪತ್ತು ಕೆಜಿ ಇಟ್ಟರೆ ಮುಳ್ಳು ಹದಿನಾರಕ್ಕೆ ಹೋಗಿ ನಿಂತಿತು.

ಎಲ್ಲರೂ ಬಗ್ಗಿ ನೋಡಿದರು. ಹೆಡ್ ಮೇಡಂ ಮಾತ್ರ ಸುಲಭಕ್ಕೆ ಬಿಟ್ಟುಕೊಡುವವರಲ್ಲ. "ಆ ತೂಕದ ಬಟ್ಟುಗಳೇ ಸವೆದಿರಬಹುದಲ್ಲ?"

"ನೋಡಬೇಕಾದ ವಿಷಯವೇ," ಅಂದರು ಸಾಹೇಬರು, ಆಸೆಯಿಂದ.

"ಸವೆಯೋಕೆ ಅದೇನು ಸೋಪಾ ಸಾರ್?" ಅಂದಳು ನನ್ನ ಹೆಂಡತಿ.

ಅಲ್ಲಿಗೆ ಮುಗಿಯಿತು. ಒಬ್ಬೊಬ್ಬರ ಮುಖದಿಂದ ನಾಲ್ಕು ನಾಲ್ಕು ಕೆಜಿ ಸಂತೋಷ ಇಳಿದುಹೋಯಿತು. ಹೆಡ್ ಮೇಡಂ ನನ್ನ ಕಡೆ ನೋಡಿದ ನೋಟಕ್ಕೆ ನಾನು ಗೊತ್ತಿಲ್ಲದೆಯೇ ಕೈ ಕಟ್ಟಿ ನಿಂತೆ. ಪಾಪ ಕಳೆದುಕೊಳ್ಳಲು ಚಕ್ರವನ್ನು ಅಲ್ಲಿಯೇ ಸರಿಪಡಿಸೋಣವೆಂದು ಬಗ್ಗಿದರೆ ಸಾಹೇಬರು ಹೌಹಾರಿದರು.

"ಮುಟ್ಬೇಡಿ! ಜಪ್ತಿ ಮಾಲು ಇದ್ದ ಸ್ಥಿತಿಯಲ್ಲೇ ಇರ್ಬೇಕು! ಕಾನೂನು ನಿಮಗೆ ಹೇಳ್ಕೊಡ್ಬೇಕಾ?"

ಯಂತ್ರವನ್ನು ತಾವೇ ಎದೆಗಪ್ಪಿಕೊಂಡು ಜೀಪು ಹತ್ತಿದರು. ಈಗ ಅದು ಅವರ ಕೋಣೆಯಲ್ಲಿದೆ. ದಿನಾ ಬೆಳಿಗ್ಗೆ ಆ ಕೋಣೆಯ ಬಾಗಿಲು ಒಂದು ನಿಮಿಷ ಒಳಗಿನಿಂದ ಮುಚ್ಚಿಕೊಳ್ಳುತ್ತದೆ, ಆಮೇಲೆ ಸಾಹೇಬರು ನಗುನಗುತ್ತಾ ಹೊರಗೆ ಬರುತ್ತಾರೆ. ಕೇಸು ಇತ್ಯರ್ಥವಾಗುವ ಲಕ್ಷಣ ಕಾಣುತ್ತಿಲ್ಲ. ನನಗೊಂದು ನೋಟೀಸು ಹೊರಟಿತು. ಈ ವಲಯದ ಇನ್‌ಸ್ಪೆಕ್ಟರ್ ನಾನೇ ಆದ್ದರಿಂದ ಅದಕ್ಕೆ ಸಹಿ ಹಾಕಿದವನೂ ನಾನೇ, ಪಡೆದುಕೊಂಡವನೂ ನಾನೇ. ಪೇಟೆಯಲ್ಲಿ ಸುದ್ದಿ ಹಬ್ಬಿದ ಮೇಲೆ ನಾನು ಅಂಗಡಿಗೆ ಕಾಲಿಟ್ಟರೆ ವ್ಯಾಪಾರಿಗಳು ಮೊದಲು ಕುಶಲ ಕೇಳುತ್ತಾರೆ. ನನ್ನ ಆರೋಗ್ಯದ ಬಗ್ಗೆ ಅವರಿಗೆ ವಿಪರೀತ ಕಾಳಜಿ.

ಹೆಂಡತಿಯ ಅಂಗಡಿ ಉಳಿಯಿತು. ನನ್ನ ಮಾತಿಗೆ ಎರಡಿಂಚು ಕಳೆದು ಹೊಲಿದಿದ್ದರೂ ಮಿಕ್ಕ ಬಟ್ಟೆಯನ್ನು ಎಲ್ಲಿಯೂ ಕತ್ತರಿಸಿರಲಿಲ್ಲ ಅವಳು, ಅಷ್ಟನ್ನೂ ಒಳಗೆ ಮಡಿಸಿ ಬಿಟ್ಟಿದ್ದಳು. ಹರಿದಿದ್ದ ಕೋಟೂ ಹೊಲಿಗೆಯ ಗೆರೆಯಲ್ಲೇ ಬಿಟ್ಟಿತ್ತು. ಭಾನುವಾರವಿಡೀ ಕೂತು ಆ ಹೊಲಿಗೆಗಳನ್ನು ಬಿಚ್ಚುವ ಕೆಲಸ ನನ್ನದಾಯಿತು. ಸೂಜಿ ಚುಚ್ಚಿಕೊಂಡ ಬೆರಳು ಅದೇ, ಚಕ್ರ ತಿರುಗಿಸಿದ್ದು.

ಮಾತು ಬಿಟ್ಟಿದ್ದವಳು ಕೊನೆಗೊಂದು ಬೆಳಿಗ್ಗೆ ಬಾಯಿಬಿಟ್ಟಳು. "ಮೈಯನ್ನ ಅರ್ಥ ಮಾಡ್ಕೋಬೇಕು ಅಂದ್ರಲ್ಲ. ಬನ್ನಿ, ಇನ್ಮೇಲೆ ದಿನಾ ನಾನೇ ನೋಡ್ತೀನಿ."

ಕನ್ನಡಿಯ ಮುಂದೆ ನಿಲ್ಲಿಸಿ ಅಕ್ಕನ ಟೇಪನ್ನು ನನ್ನ ಸೊಂಟಕ್ಕೆ ಸುತ್ತಿದಳು. ಟೇಪಿಗೆ ಚಕ್ರವಿಲ್ಲ. ಆದರೆ ನನಗೂ ಇಷ್ಟು ವರ್ಷದ ಅನುಭವವಿದೆಯಲ್ಲ! ಎದೆ ಮುಂದೆ ಮಾಡಿ, ತಲೆ ಎತ್ತಿ, ಸದ್ದಿಲ್ಲದೆ ಹೊಟ್ಟೆಯನ್ನು ಬೆನ್ನಿಗೆ ಅಂಟುವಷ್ಟು ಒಳಗೆಳೆದುಕೊಂಡೆ. ಈಗ ಓದಲಿ ನೋಡೋಣ! ಅವಳು ಓದಲಿಲ್ಲ. ಎರಡು ಬೆರಳಲ್ಲಿ ಟೇಪು ಹಿಡಿದು ಸುಮ್ಮನೆ ನಿಂತಳು. ನಾನೂ ನಿಂತೆ. ಕನ್ನಡಿಯಲ್ಲಿ ನನ್ನ ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಕಣ್ಣು ಹೊರಗೆ ಬಂದವು. ಅಷ್ಟರಲ್ಲಿ ಹೆಡ್ ಮೇಡಂ ಕೋಟಿನ ಟ್ರಯಲ್ಲಿಗೆ ಬಂದರು.

ಹೆಂಡತಿ ಟೇಪು ಸಡಿಲಿಸದೆ ಹೇಳಿದಳು: "ಕೂತ್ಕೊಳ್ಳಿ ಮೇಡಂ. ಇವರು ಉಸಿರು ಬಿಡೋ ತನಕ ಕಾಯ್ತಿದ್ದೀನಿ."